ಗಿರಣಿ ಮುಚ್ಚಲಿ, ನಮ್ಮ ಚೀಲ ಎಲ್ಲಿ?

ಯಾವುದೇ ಆ್ಯಪ್‌ನ ಸೇವಾ ನಿಯಮಗಳನ್ನು ತೆರೆದು ಕೆಳಕ್ಕೆ ಸರಿಸುತ್ತಾ ಹೋಗಿ. ಮುಕ್ಕಾಲು ಪಾಲು ದಾಟಿ, ಕಣ್ಣು ಸೋತು ಬೆರಳೊಂದೇ ಕೆಲಸ ಮಾಡುತ್ತಿರುವ ಹೊತ್ತಿಗೆ ಹೆಚ್ಚುಕಡಿಮೆ ಹೀಗೊಂದು ಷರತ್ತು ಎದುರಾಗುತ್ತದೆ: “ಯಾವುದೇ ಸಮಯದಲ್ಲಿ, ಮುನ್ಸೂಚನೆ ಕೊಟ್ಟು ಅಥವಾ ಕೊಡದೆ, ಈ ಸೇವೆಯನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಬದಲಿಸುವ, ತಡೆಹಿಡಿಯುವ ಅಥವಾ ನಿಲ್ಲಿಸುವ ಹಕ್ಕು ನಮಗಿದೆ. ಅದರಿಂದ ನಿಮಗಾಗಲಿ ಮೂರನೆಯವರಿಗಾಗಲಿ ಉಂಟಾಗುವ ಯಾವುದೇ ನಷ್ಟಕ್ಕೆ ನಾವು ಹೊಣೆಗಾರರಲ್ಲ.”

ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಅಂಗಡಿಯ ಲೆಕ್ಕ, ಹತ್ತು ವರ್ಷದ ಮಿಂಚಂಚೆ, ಸಂಘದ ಸದಸ್ಯರ ಪಟ್ಟಿ ಎಲ್ಲವನ್ನೂ ನಾವು ಇಂಥ ಷರತ್ತಿನ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಮಲಗುತ್ತೇವೆ. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿದಾಗ ಒಪ್ಪಿಕೊಂಡಿದ್ದರಲ್ಲಿ ಇದೂ ಒಂದು. ಇದನ್ನು ಬರೆಯುವುದೇಕೆ, ಇದರ ಒಂದೊಂದು ಪದ ಮಾಡುವ ಕೆಲಸವೇನು, ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರೆ ಇದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲು ನಮ್ಮ ಮನೆಯ ಹತ್ತಿರದ ಒಂದು ಉದಾಹರಣೆ. 2024ರ ಜುಲೈ 3ರಂದು ಬೆಂಗಳೂರಿನ ‘ಕೂ’ ಮುಚ್ಚುತ್ತಿದೆ ಎಂದು ಅದರ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದಾವತ್ಕಾ ಪ್ರಕಟಿಸಿದರು. ಕನ್ನಡಿಗರಿಗೆ ಈ ಸುದ್ದಿ ಸ್ವಲ್ಪ ಹೆಚ್ಚೇ ತಟ್ಟಬೇಕಿತ್ತು. 2020ರಲ್ಲಿ ಬಂದ ಈ ಕಿರುಬರಹದ ತಾಣ ಮೊದಲು ಬಾಯಿಬಿಟ್ಟಿದ್ದೇ ಕನ್ನಡದಲ್ಲಿ. ಉಳಿದ ಭಾಷೆಗಳು ಸೇರಿದ್ದು ಆಮೇಲೆ. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಬಂತು. ಮರುವರ್ಷ ಟ್ವಿಟರ್‌ಗೂ ಸರ್ಕಾರಕ್ಕೂ ಜಟಾಪಟಿ ನಡೆದಾಗ ಮಂತ್ರಿಗಳು ಇಲ್ಲಿಗೆ ಬಂದು ಖಾತೆ ತೆರೆದರು. ಕೊನೆಗೆ ದೊಡ್ಡ ಕಂಪನಿಗಳ ಜೊತೆಗಿನ ಪಾಲುದಾರಿಕೆಯ ಮಾತುಕತೆ ಮುರಿದುಬಿತ್ತು, ತಂತ್ರಜ್ಞಾನದ ಖರ್ಚು ಹೊರಲಾಗಲಿಲ್ಲ. ದುಡ್ಡು ಮುಗಿದ ಮೇಲೆ ಬಾಗಿಲು ಹಾಕದೆ ಬೇರೆ ದಾರಿಯಿಲ್ಲ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಆ ನಾಲ್ಕು ವರ್ಷ ಅಲ್ಲಿ ಕನ್ನಡದಲ್ಲಿ ಬರೆದವರ ಮಾತು, ಜಗಳ, ಚುಟುಕ, ಹಬ್ಬದ ಶುಭಾಶಯ ಕಂಪನಿಯ ಆಸ್ತಿಯಾಗಿರಲಿಲ್ಲ. ಅಂಗಡಿ ಹೋದಾಗ ಅವೂ ಹೋಗಬೇಕೇ?

ಇದಕ್ಕೆ ಹತ್ತು ವರ್ಷ ಮೊದಲು ಆರ್ಕುಟ್ ಹೋಯಿತು. 2004ರ ಜನವರಿಯಲ್ಲಿ ಗೂಗಲ್ ಶುರು ಮಾಡಿದ ಈ ಸಾಮಾಜಿಕ ಜಾಲತಾಣಕ್ಕೆ ಬ್ರೆಜಿಲ್ ಬಿಟ್ಟರೆ ಭಾರತದಲ್ಲೇ ಹೆಚ್ಚು ಜನ ಒಲಿದಿದ್ದರು. ಈಗ ನಲವತ್ತರ ಆಸುಪಾಸಿನಲ್ಲಿರುವ ಅನೇಕ ಕನ್ನಡಿಗರು ಅಂತರಜಾಲದಲ್ಲಿ ಮೊದಲ ಗೆಳೆತನ ಮಾಡಿದ್ದು ಅಲ್ಲಿನ ‘ಸ್ಕ್ರ್ಯಾಪ್’ ಎಂಬ ಕಿರುಸಂದೇಶಗಳಲ್ಲಿ. 2014ರ ಜೂನ್ ಕೊನೆಯಲ್ಲಿ ಘೋಷಣೆ, ಸೆಪ್ಟೆಂಬರ್ 30ಕ್ಕೆ ಬಾಗಿಲು ಬಂದ್. ಆದರೆ ಫೋಟೊ, ಸ್ಕ್ರ್ಯಾಪ್‌ಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ, ಅಂದರೆ ಇನ್ನೂ ಎರಡು ವರ್ಷ ಅವಕಾಶವಿತ್ತು. ಮುಚ್ಚುವುದರಲ್ಲೂ ಮರ್ಯಾದೆಯ ದಾರಿ ಇದೆ ಎಂದು ತೋರಿಸಿದ ಸಂದರ್ಭ ಅದು.

ಎಲ್ಲರೂ ಹಾಗೆ ಮಾಡುವುದಿಲ್ಲ. ಯಾಹೂ 1999ರಲ್ಲಿ ಶತಕೋಟಿಗಟ್ಟಲೆ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಕೊಂಡ ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ತಮ್ಮ ಮೊದಲ ಪುಟ ಕಟ್ಟಿಕೊಂಡಿದ್ದರು. 2009ರ ಅಕ್ಟೋಬರ್‌ನಲ್ಲಿ ಅದನ್ನು ಕಿತ್ತುಹಾಕಿದಾಗ ಒಂದಷ್ಟು ಪುಟಗಳು ಉಳಿದದ್ದು ಯಾಹೂ ದಯೆಯಿಂದಲ್ಲ, ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು, ಇಂಟರ್ನೆಟ್ ಆರ್ಕೈವ್ ಮುಂತಾದವರು ಹಗಲಿರುಳು ಕೂತು ಪ್ರತಿ ಮಾಡಿಕೊಂಡಿದ್ದರಿಂದ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಕಥೆ ಇನ್ನೂ ವಿಚಿತ್ರ. ಅದು ಮುಚ್ಚಲೇ ಇಲ್ಲ. ಸರ್ವರ್ ಬದಲಿಸುವಾಗ ತೊಂದರೆಯಾಗಿ, ಹನ್ನೆರಡು ವರ್ಷ ಜನ ಏರಿಸಿದ್ದ ಹಾಡುಗಳೆಲ್ಲ ಹೋದವು ಎಂದು 2019ರಲ್ಲಿ ಹೇಳಿ ಕೈತೊಳೆದುಕೊಂಡಿತು. ಎಷ್ಟೋ ಹೊಸ ಗಾಯಕರ ಬಳಿ ಬೇರೆ ಪ್ರತಿಯೇ ಇರಲಿಲ್ಲ.

ಇವುಗಳ ನಿಯಮಗಳಲ್ಲಿ ಪದಗಳು ಅತ್ತಿತ್ತ ಇದ್ದರೂ ಧಾಟಿ ಒಂದೇ. ನಡೆದುಕೊಂಡ ರೀತಿ ಮಾತ್ರ ಬೇರೆಬೇರೆ. ಇಂಥ ಷರತ್ತು ಕಂಪನಿ ಏನು ಮಾಡುತ್ತದೆ ಎಂದು ಹೇಳುವುದಿಲ್ಲ, ಏನು ಮಾಡಿದರೂ ನೀವು ಕೇಳುವಂತಿಲ್ಲ ಎಂದಷ್ಟೇ ಹೇಳುತ್ತದೆ.

ಈಗ ಪದಗಳಿಗೆ ಬರೋಣ. ‘ಪೂರ್ತಿಯಾಗಿ’ ಎಂಬುದರ ಮೇಲೆ ನಮ್ಮ ಕಣ್ಣು ಬೀಳುತ್ತದೆ, ಆದರೆ ದಿನನಿತ್ಯ ದುಡಿಯುವ ಪದ ‘ಭಾಗಶಃ’. ಸೇವೆ ಪೂರ್ತಿ ಸಾಯುವುದು ಅಪರೂಪ. ಒಂದೊಂದೇ ಅಂಗ ಉದುರುವುದು ಸಾಮಾನ್ಯ. ಗೂಗಲ್ ಫೋಟೋಸ್‌ನಲ್ಲಿ ‘ಉತ್ತಮ ಗುಣಮಟ್ಟ’ದ ಚಿತ್ರಗಳಿಗೆ ಮಿತಿಯಿಲ್ಲದ ಉಚಿತ ಜಾಗವಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಹೊಸ ಚಿತ್ರಗಳು 15 ಜಿಬಿಯ ಉಚಿತ ಮಿತಿಯ ಲೆಕ್ಕಕ್ಕೆ ಸೇರತೊಡಗಿದವು. ಫೋಟೋಸ್ ಇಂದಿಗೂ ಇದೆ, ನಿಂತದ್ದು ಅದರ ಒಂದು ಭಾಗ. ಆ ಭಾಗವನ್ನು ನೋಡಿಯೇ ಬಂದು ಸೇರಿದವರಿಗೆ ಆ ಹೊತ್ತಿಗೆ ಹತ್ತು ಸಾವಿರ ಚಿತ್ರಗಳನ್ನು ಎತ್ತಿಕೊಂಡು ಬೇರೆಡೆಗೆ ಹೋಗುವ ಶಕ್ತಿ ಉಳಿದಿರಲಿಲ್ಲ.

‘ಮೂರನೆಯವರು’ ಎಂಬ ಪದ ಯಾಕೆ ಬೇಕು ಎಂದು ಅನ್ನಿಸಬಹುದು. ನಿಮ್ಮನ್ನು ನಂಬಿ ನಾನು, ನನ್ನನ್ನು ನಂಬಿ ಇನ್ನೊಬ್ಬರು ಎಂಬ ಸರಪಳಿ ಇಲ್ಲಿದೆ. ಟ್ವಿಟರ್‌ನ ದತ್ತಾಂಶ ಬಳಸಿ ಮಳೆಯ ಎಚ್ಚರಿಕೆ, ರೈಲಿನ ವಿಳಂಬ, ಸಂಶೋಧನೆಯ ಪಟ್ಟಿ ಮುಂತಾದವನ್ನು ಕೊಡುತ್ತಿದ್ದ ಪುಟ್ಟ ತಂತ್ರಾಂಶಗಳು ಜಗತ್ತಿನಾದ್ಯಂತ ಇದ್ದವು. 2023ರ ಆರಂಭದಲ್ಲಿ ಟ್ವಿಟರ್ ಹೊರಗಿನ ಆ್ಯಪ್‌ಗಳಿಗೆ ಬಾಗಿಲು ಹಾಕಿತು, ಉಚಿತವಾಗಿ ಕೊಡುತ್ತಿದ್ದ ದತ್ತಾಂಶದ ದಾರಿಗೂ ಬೆಲೆ ಕಟ್ಟಿತು. ಅದರ ಮೇಲೆ ಬದುಕು ಕಟ್ಟಿದವರು ನಷ್ಟ ಕೇಳಲು ಬಂದರೆ ತೋರಿಸಲು ಈ ಪದ ಸಿದ್ಧವಾಗಿತ್ತು.

ವಕೀಲರ ಕಡೆಯ ಮಾತನ್ನೂ ಕೇಳಬೇಕು. ಎಂದೆಂದಿಗೂ ನಡೆಸುತ್ತೇವೆ ಎಂದು ಯಾವ ಕಂಪನಿಯೂ ಮಾತು ಕೊಡಲಾರದು. ಇಬ್ಬರು ಹುಡುಗರು ಬಾಡಿಗೆ ಕೋಣೆಯಲ್ಲಿ ಕೂತು ಕಟ್ಟಿದ ಆ್ಯಪ್‌ಗೆ ಐದು ಲಕ್ಷ ಜನ ಸೇರಿದರೆಂದುಕೊಳ್ಳಿ. ಮುಚ್ಚುವ ದಿನ ಅಷ್ಟೂ ಜನ ತಲಾ ಸಾವಿರ ರೂಪಾಯಿ ನಷ್ಟ ಕೇಳಿದರೆ ಐವತ್ತು ಕೋಟಿಯಾಗುತ್ತದೆ. ಆ ಭಯವಿದ್ದರೆ ಯಾರೂ ಹೊಸದನ್ನು ಕಟ್ಟುವ ಸಾಹಸಕ್ಕೆ ಇಳಿಯುವುದಿಲ್ಲ. ಈ ವಾದದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ.

ಆದರೆ ಇಲ್ಲೊಂದು ಕೈಚಳಕ ಅಡಗಿದೆ. ಅವಧಿ ಗೊತ್ತುಮಾಡದ ಕರಾರನ್ನು ತಕ್ಕಷ್ಟು ಕಾಲದ ಮುನ್ಸೂಚನೆ ಕೊಟ್ಟು ನಿಲ್ಲಿಸಲು ಕಾನೂನು ಸಾಮಾನ್ಯವಾಗಿ ಹೇಗೂ ಬಿಡುತ್ತದೆ. ಅಂದರೆ ಸೇವೆ ನಿಲ್ಲಿಸುವ ಹಕ್ಕಿಗಾಗಿ ಕಂಪನಿಗೆ ಇಷ್ಟುದ್ದದ ಷರತ್ತು ಬೇಕಾಗಿರಲಿಲ್ಲ. ಷರತ್ತಿನ ಅಸಲಿ ಕೆಲಸ ಬೇರೆಯದು. ಮುನ್ಸೂಚನೆ ಕೊಡುವ ಕರ್ತವ್ಯವನ್ನು ಅದು ಕಳಚುತ್ತದೆ. ನಿಮ್ಮ ವಸ್ತು ತನ್ನ ಬಳಿ ಇದ್ದಾಗ ಜೋಪಾನವಾಗಿಟ್ಟು ಮರಳಿಸುವ ಕರ್ತವ್ಯವನ್ನೂ ಅದರ ಜೊತೆಗೇ ಕಳಚುತ್ತದೆ. ಅಂಗಡಿ ಮುಚ್ಚುವ ನ್ಯಾಯವಾದ ಹಕ್ಕಿನ ಬೆನ್ನಿಗೆ ಈ ಎರಡನ್ನು ಕಟ್ಟಿ, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ.

ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ರಾಗಿಯ ಚೀಲ ಇಟ್ಟು, ಸಂಜೆ ಬರುತ್ತೇನೆ ಎಂದು ಹೇಳಿ ಹೋಗುತ್ತೀರಿ. ಗಿರಣಿಯವನಿಗೆ ವಯಸ್ಸಾಯಿತು, ಮಗನಿಗೆ ಆಸಕ್ತಿ ಇಲ್ಲ, ಕರೆಂಟು ಬಿಲ್ಲು ಕಟ್ಟಲಾಗುತ್ತಿಲ್ಲ. ಮುಚ್ಚುತ್ತಾನೆ. ಸರಿ, ಮುಂದಿನ ವಾರದಿಂದ ನೀವು ಪಕ್ಕದ ಬೀದಿಗೆ ಹೋಗುತ್ತೀರಿ. ಆದರೆ ಒಳಗಿರುವ ಚೀಲ? ‘ಗಿರಣಿ ಮುಚ್ಚಿತು, ಆದ್ದರಿಂದ ರಾಗಿಯೂ ಮುಗಿಯಿತು’ ಎಂದು ಯಾವ ಊರಿನ ಗಿರಣಿಯವನೂ ಹೇಳಿದ್ದಿಲ್ಲ. ಹೇಳಿದರೆ ಊರವರು ಸುಮ್ಮನೆ ಬಿಡುತ್ತಲೂ ಇರಲಿಲ್ಲ.

ಈ ನಾಡತಿಳಿವಳಿಕೆ ನಮ್ಮ ಕಾನೂನಿನಲ್ಲಿ ಬಹಳ ಹಿಂದೆಯೇ ಅಕ್ಷರಕ್ಕೆ ಇಳಿದಿದೆ. 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಮಿನಿಂದ ಮುಂದಕ್ಕೆ, ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕಾಗಿ ಪಡೆದು, ಉದ್ದೇಶ ತೀರಿದ ಮೇಲೆ ಮರಳಿಸುವ ವ್ಯವಹಾರದ ನಿಯಮಗಳಿವೆ. ವಕೀಲರು ಅದನ್ನು ಬೇಲ್‌ಮೆಂಟ್ ಎನ್ನುತ್ತಾರೆ. ವಸ್ತು ಇಟ್ಟುಕೊಂಡವರು ಅದನ್ನು ತಮ್ಮದೇ ವಸ್ತುವಿನಷ್ಟು ಜೋಪಾನ ಮಾಡಬೇಕು, ಕೇಳದೆಯೇ ಮರಳಿಸಬೇಕು. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು 159ನೇ ಕಲಮು. ಪುಕ್ಕಟೆಯಾಗಿ ಬಳಸಲು ಕೊಟ್ಟ ವಸ್ತುವನ್ನು ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಕೇಳಬಹುದು ಎಂದು ಅದು ಹೇಳುತ್ತದೆ. ಆದರೆ ಇಂತಿಷ್ಟು ಕಾಲಕ್ಕೆ ಅಥವಾ ಇಂಥ ಕೆಲಸಕ್ಕೆ ಎಂದು ಕೊಟ್ಟಿದ್ದರೆ, ಆ ಮಾತು ನಂಬಿ ಪಡೆದವರು ಏನಾದರೂ ಮಾಡಿಕೊಂಡಿದ್ದರೆ, ಅವಧಿಗೆ ಮೊದಲೇ ಕಿತ್ತುಕೊಂಡಿದ್ದರಿಂದ ಅವರಿಗಾದ ನಷ್ಟ ಅವರು ಪಡೆದ ಲಾಭಕ್ಕಿಂತ ಹೆಚ್ಚಾಗಿದ್ದರೆ, ಕಿತ್ತುಕೊಂಡವರು ಹೆಚ್ಚಾದಷ್ಟನ್ನು ತುಂಬಿಕೊಡಬೇಕು. ‘ಉಚಿತವಾಗಿ ಕೊಟ್ಟಿದ್ದೆವಲ್ಲ, ಇನ್ನೇನು ಕೇಳುತ್ತೀರಿ’ ಎಂಬ ಮಾತಿಗೆ ಎತ್ತಿನ ಗಾಡಿಯ ಕಾಲದಲ್ಲೇ ಅರ್ಧ ಉತ್ತರ ಬರೆದಿಟ್ಟಿದ್ದರು.

ಚೀಟಿಯ ಹಿಂಬದಿಯ ಸಣ್ಣ ಅಕ್ಷರಕ್ಕೆ ನಮ್ಮ ನ್ಯಾಯಾಲಯಗಳು ತಲೆಬಾಗಿಯೇ ಕೂತಿಲ್ಲ. ಮದರಾಸಿನ ಲಿಲಿ ವೈಟ್ ಎಂಬ ಲಾಂಡ್ರಿಯಲ್ಲಿ ಒಬ್ಬ ಗ್ರಾಹಕರು ಕೊಟ್ಟ ಹೊಸ ಸೀರೆ ಕಳೆದುಹೋಯಿತು. ಬಟ್ಟೆ ಕಳೆದರೆ ಮಾರುಕಟ್ಟೆ ಬೆಲೆಯ ಅರ್ಧ ಮಾತ್ರ ಕೊಡುತ್ತೇವೆ ಎಂದು ರಸೀದಿಯಲ್ಲಿ ಅಚ್ಚಾಗಿತ್ತು. ಅಂಥ ಷರತ್ತನ್ನು ಒಪ್ಪಿದರೆ ಲಾಂಡ್ರಿಯವರು ಒಳ್ಳೆಯ ಸೀರೆಗಳನ್ನೆಲ್ಲ ಅರ್ಧ ಬೆಲೆಗೆ ತಾವೇ ಇಟ್ಟುಕೊಳ್ಳಬಹುದಲ್ಲ! ಅದು ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಮದ್ರಾಸ್ ಹೈಕೋರ್ಟ್ ಷರತ್ತನ್ನು ತಳ್ಳಿಹಾಕಿತು. ಈ ತೀರ್ಪು 1966ರ ಕಾನೂನು ವರದಿಗಳಲ್ಲಿದೆ. ಅರ್ಧ ಬೆಲೆ ಕೊಡುವ ಷರತ್ತೇ ಸಲ್ಲದಿದ್ದ ಮೇಲೆ, ಏನೂ ಕೊಡುವುದಿಲ್ಲ ಎನ್ನುವ ಷರತ್ತನ್ನು ನಾವು ದಿನಕ್ಕೆರಡು ಸಲ ಒಪ್ಪುತ್ತಿದ್ದೇವೆ.

ಇನ್ನೊಂದು ದೆಹಲಿಯ ತಾಜ್‌ಮಹಲ್ ಹೋಟೆಲಿನದು. 1998ರಲ್ಲಿ ಅತಿಥಿಯೊಬ್ಬರು ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನ ಸಿಬ್ಬಂದಿಯ ಕೈಗೆ ಕೊಟ್ಟು ಒಳಹೋದರು. ಹಿಂದಿರುಗುವಷ್ಟರಲ್ಲಿ ಕಾರು ಕಳ್ಳರ ಪಾಲಾಗಿತ್ತು. ವಾಹನ ಮಾಲೀಕರದೇ ಹೊಣೆ, ಕಳುವಾದರೆ ಹೋಟೆಲ್ ಜವಾಬ್ದಾರಿಯಲ್ಲ ಎಂದು ಚೀಟಿಯಲ್ಲಿತ್ತು. ಇಪ್ಪತ್ತೊಂದು ವರ್ಷದ ನಂತರ, 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಕೀಲಿ ತೆಗೆದುಕೊಂಡ ಮೇಲೆ ಜೋಪಾನ ಮಾಡುವ ಹೊಣೆ ಹೋಟೆಲಿನದೇ, ತನ್ನ ಅಲಕ್ಷ್ಯದ ಫಲದಿಂದ ಒಂದು ಚೀಟಿ ಹಿಡಿದು ತಪ್ಪಿಸಿಕೊಳ್ಳುವಂತಿಲ್ಲ. ‘ನಿಮ್ಮ ವಾಹನಕ್ಕೆ ನೀವೇ ಜವಾಬ್ದಾರರು’ ಎಂಬ ಫಲಕವನ್ನು ಪ್ರತಿ ಕಲ್ಯಾಣಮಂಟಪದ ಮುಂದೆಯೂ ನೋಡುವ ನಾವು ಈ ತೀರ್ಪನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹಾಗಾದರೆ ಇದನ್ನೇ ಫೋಟೊ, ಮಿಂಚಂಚೆಗಳಿಗೂ ಅನ್ವಯಿಸಿದರಾಯಿತಲ್ಲ ಎಂದು ಕೇಳಬಹುದು. ದಾರಿ ಅಷ್ಟು ನೇರವಾಗಿಲ್ಲ. ಬೇಲ್‌ಮೆಂಟ್ ನಿಯಮಗಳು ‘ಸರಕಿ’ಗೆ, ಕೈಯಲ್ಲಿ ಹಿಡಿಯಬಲ್ಲ ಸೀರೆ, ಕಾರು, ರಾಗಿಗೆ ಬರೆದವು. ಸರ್ವರಿನಲ್ಲಿರುವ ಕಡತ ಆ ಅರ್ಥದ ಸರಕೇ ಎಂಬುದು ಗಟ್ಟಿಯಾಗಿ ತೀರ್ಮಾನವಾದ ಸಂಗತಿಯಲ್ಲ. ಕಂಪನಿಗಳು ಅದೇ ನಿಯಮಗಳಲ್ಲಿ ‘ನೀವು ಹಾಕಿದ್ದೆಲ್ಲ ನಿಮ್ಮದೇ, ನಮಗೆ ಮಾಲೀಕತ್ವ ಬೇಡ’ ಎಂದು ಉದಾರವಾಗಿ ಬರೆದಿರುತ್ತವೆ. ಕೃತಿಸ್ವಾಮ್ಯದ ಲೆಕ್ಕದಲ್ಲಿ ಅದು ನಿಜ. ಸರ್ವರ್ ಆರಿಸಿದ ಮೇಲೆ ಆ ಮಾಲೀಕತ್ವದ ಬೆಲೆ ಎಷ್ಟು? ಪಹಣಿ ನಿಮ್ಮ ಹೆಸರಿನಲ್ಲಿದೆ, ಜಮೀನು ಹೊಳೆ ಪಾಲಾಗಿದೆ.

ನೇರವಾಗಿ ಕೆಲಸಕ್ಕೆ ಬರುವ ಕಾನೂನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇದರ 2(46)ನೇ ಕಲಮು ‘ಅನ್ಯಾಯದ ಕರಾರು’ ಎಂದರೇನು ಎಂದು ಬಿಡಿಸಿ ಹೇಳುತ್ತದೆ. ಅದರ ಪಟ್ಟಿಯಲ್ಲಿ ಒಂದು ನಮ್ಮ ಷರತ್ತಿನ ಮುಖಕ್ಕೇ ಕನ್ನಡಿ ಹಿಡಿದಂತಿದೆ: ಸಕಾರಣವಿಲ್ಲದೆ ಒಂದೇ ಕಡೆಯವರು ಕರಾರನ್ನು ಮುರಿಯಲು ಅವಕಾಶ ಕೊಡುವ ಷರತ್ತು. ಇಂಥ ದೂರುಗಳು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಅಥವಾ ದೊಡ್ಡ ಮೊತ್ತವಾದರೆ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕು. ಆ ಷರತ್ತು ಅಸಿಂಧು ಎಂದು ಘೋಷಿಸುವ ಅಧಿಕಾರ ಈ ಆಯೋಗಗಳಿಗಿದೆ. ಅಸಿಂಧುವಾಗುವುದು ಆ ಷರತ್ತು ಮಾತ್ರ, ಇಡೀ ಕರಾರಲ್ಲ.

ಗುಂಡಿ ಒತ್ತಿದ್ದೇವಲ್ಲ, ಸಹಿ ಹಾಕಿದಂತೆಯೇ ಅಲ್ಲವೇ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಪ್ರಕಾರ ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಆದರೆ ಒಪ್ಪಿಗೆ ಇದ್ದಮಾತ್ರಕ್ಕೆ ಎಲ್ಲವೂ ನಿಲ್ಲುವುದೂ ಇಲ್ಲ. ಗುರುಗ್ರಾಮದ ಒಂದು ವಸತಿ ಯೋಜನೆಯ ಪ್ರಕರಣದಲ್ಲಿ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬಿಲ್ಡರ್ ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕದೆ ಬೇರೆ ದಾರಿಯೇ ಇಲ್ಲದ ಕೊಳ್ಳುಗರನ್ನು ಅದರ ಏಕಪಕ್ಷೀಯ ಷರತ್ತುಗಳು ಕಟ್ಟಿಹಾಕಲಾರವು ಎಂದಿತು. ಫ್ಲ್ಯಾಟು ಕೊಳ್ಳುವಾಗಲಾದರೂ ಮೇಜಿನ ಆಚೆ ಒಬ್ಬ ಮನುಷ್ಯ ಕೂತಿರುತ್ತಾನೆ, ಒಂದು ಮಾತು ವಾದಿಸಿ ನೋಡಬಹುದು. ಗುಂಡಿಯ ಜೊತೆ ಯಾರು ವಾದಿಸುತ್ತಾರೆ? ‘ವ್ಯಾಜ್ಯವೆಲ್ಲ ಮಧ್ಯಸ್ಥಿಕೆಯಲ್ಲೇ ತೀರಬೇಕು’ ಎಂಬ ಷರತ್ತಿಗೂ ಹೆದರಬೇಕಿಲ್ಲ. ಅದಿದ್ದರೂ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ ಎಂದು 2018ರಲ್ಲೇ ಇತ್ಯರ್ಥವಾಗಿದೆ. ದೂರನ್ನು ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ.

ಇಷ್ಟು ಓದಿ ಹುಮ್ಮಸ್ಸು ಬಂದಿದ್ದರೆ ಈಗ ತಣ್ಣೀರು. ಅದೇ ಕಾಯ್ದೆಯ ಪ್ರಕಾರ ಗ್ರಾಹಕ ಎಂದರೆ ಬೆಲೆ ಕೊಟ್ಟು ಪಡೆದವನು. ಪುಕ್ಕಟೆ ಸೇವೆ ‘ಸೇವೆ’ಯ ವ್ಯಾಖ್ಯೆಗೇ ಬರುವುದಿಲ್ಲ. ಕೂ, ಆರ್ಕುಟ್ ಬಳಸಿದವರಲ್ಲಿ ಹೆಚ್ಚಿನವರು ದುಡ್ಡು ಕೊಟ್ಟಿರಲಿಲ್ಲ. ಜಾಹೀರಾತು ನೋಡಿದ್ದೇವೆ, ನಮ್ಮ ಹೆಸರು, ಊರು, ಅಭಿರುಚಿ ಎಲ್ಲ ಕೊಟ್ಟಿದ್ದೇವೆ, ಅದೇ ನಮ್ಮ ಬೆಲೆ ಎಂದು ವಾದಿಸಬಹುದು. ಐರೋಪ್ಯ ಒಕ್ಕೂಟ 2019ರಲ್ಲಿ ತಂದ ಡಿಜಿಟಲ್ ವಿಷಯ ಮತ್ತು ಸೇವೆಗಳ ನಿರ್ದೇಶನದಲ್ಲಿ ಈ ವಾದವನ್ನು ಬಹುಮಟ್ಟಿಗೆ ಒಪ್ಪಿಕೊಂಡಿದೆ: ಹಣದ ಬದಲು ವೈಯಕ್ತಿಕ ಮಾಹಿತಿ ಕೊಟ್ಟವರಿಗೂ ಗ್ರಾಹಕರ ಹಕ್ಕುಗಳಿವೆ. ನಮ್ಮ ಕಾಯ್ದೆಯಲ್ಲಿ ಹಾಗೆ ಬರೆದಿಲ್ಲ.

ದುಡ್ಡು ಕೊಟ್ಟರೆ ಎಲ್ಲ ಭದ್ರ ಎಂದೂ ಅಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ, ಜನ ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳೂ ಜುಲೈ ಹೊತ್ತಿಗೆ ತೆರೆಯದಾದವು. ಪೂರ್ತಿ ಹಣ ವಾಪಸ್ ಕೊಟ್ಟರು, ಅದನ್ನು ಮೆಚ್ಚಬೇಕು. ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡವರಿಗೆ 25 ಡಾಲರ್ ಹೆಚ್ಚಿಗೆ ಸಿಕ್ಕಿತು. ಗೂಗಲ್‌ನ ಸ್ಟೇಡಿಯಾ ಎಂಬ ಆಟದ ಸೇವೆ 2023ರ ಜನವರಿಯಲ್ಲಿ ನಿಂತಾಗಲೂ ತನ್ನ ಮಳಿಗೆಯಲ್ಲಿ ಮಾರಿದ ಆಟ, ಉಪಕರಣಗಳ ಹಣ ಮರಳಿಸಿತು. ಆದರೆ ಯುಬಿಸಾಫ್ಟ್ 2014ರಲ್ಲಿ ಮಾರಿದ ‘ದ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ಆರಿಸಿದಾಗ, ಡಬ್ಬಿಯಲ್ಲಿ ಡಿಸ್ಕ್ ಕೊಂಡವರ ಕೈಯಲ್ಲೂ ಉಳಿದದ್ದು ಡಿಸ್ಕಿನ ಹೊಳಪು ಮಾತ್ರ. ಒಬ್ಬಂಟಿಯಾಗಿ ಆಡುವುದಕ್ಕೂ ಆ ಆಟಕ್ಕೆ ಕಂಪನಿಯ ಸರ್ವರ್ ಬೇಕಿತ್ತು. ಇದರಿಂದ ಸಿಟ್ಟಾದವರು ಶುರು ಮಾಡಿದ ಚಳವಳಿಗೆ ಐರೋಪ್ಯ ಒಕ್ಕೂಟದಲ್ಲಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿತ್ತು.

ಇಲ್ಲೆಲ್ಲ ಮೂಲದ ತೊಡಕು ‘ಕೊಳ್ಳಿ’ ಎಂಬ ಗುಂಡಿ. ನಾವು ಕೊಂಡೆವು ಎಂದುಕೊಳ್ಳುತ್ತೇವೆ, ನಿಯಮಗಳಲ್ಲಿ ಅದು ಬರಿಯ ಪರವಾನಗಿ ಎಂದಿರುತ್ತದೆ. ಪುಸ್ತಕ ಕೊಂಡಿದ್ದಲ್ಲ, ಅವರ ಗ್ರಂಥಾಲಯದಲ್ಲಿ ಕೂತು ಓದಲು ಅನುಮತಿ ಪಡೆದದ್ದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇದನ್ನು ಮುಚ್ಚಿಡುವಂತಿಲ್ಲ. ಕಿತ್ತುಕೊಳ್ಳಬಹುದಾದ ಪರವಾನಗಿಯನ್ನು ‘ಕೊಳ್ಳಿ’ ಎಂದು ಮಾರುವುದಾದರೆ ಅದು ಪರವಾನಗಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಕಿತ್ತುಕೊಳ್ಳುವುದನ್ನು ಆ ಕಾನೂನು ತಡೆಯುವುದಿಲ್ಲ, ಹೇಳಿ ಕಿತ್ತುಕೊಳ್ಳಿ ಎನ್ನುತ್ತದೆ.

ಇಷ್ಟಾದ ಮೇಲೂ ಗಮನಿಸಿ, ಆಯೋಗಕ್ಕೆ ಹೋಗಿ ಗೆದ್ದರೆ ಸಿಗುವುದು ಹಣ. ಅಳಿಸಿಹೋದ ಫೋಟೊವನ್ನು ಯಾವ ತೀರ್ಪೂ ಮರಳಿ ತರುವುದಿಲ್ಲ. ಹಾಗಾಗಿ ನಿಜವಾಗಿ ಬೇಕಾದದ್ದು ನಮ್ಮದನ್ನು ನಾವು ಎತ್ತಿಕೊಂಡು ಹೋಗುವ ಹಕ್ಕು. ಯುರೋಪಿನ ಮಾಹಿತಿ ಸಂರಕ್ಷಣಾ ಕಾನೂನಿನಲ್ಲಿ 2018ರ ಮೇ ತಿಂಗಳಿನಿಂದ ಅದು ಇದೆ: ನೀವು ಕೊಟ್ಟ ಮಾಹಿತಿಯನ್ನು ಬೇರೆ ಯಂತ್ರವೂ ಓದಬಲ್ಲ ರೂಪದಲ್ಲಿ ಮರಳಿ ಕೊಡಬೇಕು. ನಮ್ಮಲ್ಲಿ 2019ರ ಮಸೂದೆಯಲ್ಲಿ ಈ ಹಕ್ಕು ಇತ್ತು. 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಮಾಯವಾಗಿದೆ. ಆ ಕಾಯ್ದೆಯಲ್ಲಿ ಬರೆದಿರುವಂತೆ, ನಿಮ್ಮ ಬಗ್ಗೆ ಏನಿದೆ ಎಂಬ ಸಾರಾಂಶ ಕೇಳಬಹುದು, ತಿದ್ದಿಸಬಹುದು, ಅಳಿಸಿ ಎನ್ನಬಹುದು, ನೀವು ತೀರಿಕೊಂಡರೆ ಆ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನವನ್ನೂ ಮಾಡಬಹುದು. ಗಂಟು ಕಟ್ಟಿ ಕೈಗೆ ಕೊಡಿ ಎಂದು ಕೇಳುವ ಹಕ್ಕು ಮಾತ್ರ ಇಲ್ಲ. ಚೀಲ ಸುಟ್ಟುಹಾಕಿ ಎನ್ನಬಹುದು, ಚೀಲ ಕೊಡಿ ಎನ್ನುವಂತಿಲ್ಲ.

ಕಾನೂನು ಬರುವವರೆಗೆ ಕೆಲವು ಕಂಪನಿಗಳ ಸೌಜನ್ಯವೇ ಗತಿ. ಗೂಗಲ್‌ನ ಈಗಿನ ನಿಯಮಗಳಲ್ಲಿ, ಸೇವೆ ನಿಲ್ಲಿಸುವುದಾದರೆ ತುರ್ತು ಸಂದರ್ಭಗಳ ಹೊರತು ಸಾಕಷ್ಟು ಮುಂಚೆ ತಿಳಿಸುತ್ತೇವೆ, ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ನಿಮ್ಮದನ್ನು ಒಯ್ಯಲು ಅವಕಾಶ ಕೊಡುತ್ತೇವೆ ಎಂದಿದೆ. ಅಷ್ಟು ದೊಡ್ಡ ಕಂಪನಿ ಹಾಗೆ ಬರೆದುಕೊಟ್ಟೂ ಮುಳುಗಿಲ್ಲ ಎಂದ ಮೇಲೆ ಉಳಿದವರು ಬರೆಯಲಾರೆವು ಎನ್ನುವುದಕ್ಕೆ ಅರ್ಥವಿಲ್ಲ. ನೀವು ಬಳಸುವ ಸೇವೆಯ ನಿಯಮಗಳನ್ನು ಪೂರ್ತಿ ಓದಿ ಎಂದು ನಾನು ಹೇಳುವುದಿಲ್ಲ, ನಾನೇ ಓದುವುದಿಲ್ಲ. ಪುಟದಲ್ಲಿ ‘ಟರ್ಮಿನೇಟ್’, ‘ಡಿಸ್‌ಕಂಟಿನ್ಯೂ’, ‘ಎಕ್ಸ್‌ಪೋರ್ಟ್’, ‘ರಿಫಂಡ್’ ಎಂಬ ಇಂಗ್ಲಿಷ್ ಪದಗಳನ್ನು ಹುಡುಕಿ ಅವುಗಳ ಆಚೀಚೆಯ ನಾಲ್ಕು ಸಾಲು ಓದಿದರೆ ಎರಡು ನಿಮಿಷದ ಕೆಲಸ. ಎಷ್ಟು ದಿನದ ಮುನ್ಸೂಚನೆ, ಕಟ್ಟಿದ ಚಂದಾದಲ್ಲಿ ಉಳಿದ ತಿಂಗಳ ಹಣ ಏನಾಗುತ್ತದೆ, ಒಯ್ಯಲು ದಾರಿ ಇದೆಯೇ ಎಂಬಷ್ಟು ತಿಳಿಯುತ್ತದೆ. ಚಂದಾ ಕಟ್ಟಿದ ಸೇವೆ ನಿಂತು, ಹಣವೂ ಬರದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ಕರೆ ಮಾಡಿ. ಎಷ್ಟೋ ಸಲ ಆಯೋಗದವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಒಯ್ದ ಮೇಲೆ ತೆರೆಯುತ್ತದೆಯೇ ಎಂಬುದನ್ನೂ ನೋಡಬೇಕು. ನಾನು ಆರು ವರ್ಷ ಟಿಪ್ಪಣಿ ಬರೆದಿಟ್ಟಿದ್ದ ಒಂದು ಆ್ಯಪ್ ಮೂವತ್ತು ದಿನದ ನೋಟಿಸು ಕೊಟ್ಟು ಮುಚ್ಚಿತು. ಆ ನೋಟಿಸು ಸೀರೆ ರಿಯಾಯಿತಿಯ ಜಾಹೀರಾತುಗಳ ನಡುವೆ ಬಿದ್ದಿದ್ದು ನನ್ನ ಕಣ್ಣಿಗೆ ಬಿದ್ದದ್ದು ಇಪ್ಪತ್ತಾರನೇ ದಿನ. ಎದ್ದೆನೋ ಬಿದ್ದೆನೋ ಎಂದು ಇಳಿಸಿಕೊಂಡೆ. ಸಿಕ್ಕ ಕಡತವನ್ನು ಓದಬಲ್ಲ ತಂತ್ರಾಂಶ ಆ ಆ್ಯಪ್ ಒಂದೇ, ಅದು ಸತ್ತಿತ್ತು. ಕನ್ನಡದವರಿಗೆ ಇದು ಹೊಸ ಅನುಭವವಲ್ಲ. ಯೂನಿಕೋಡ್ ಬರುವ ಮೊದಲು ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತವನ್ನು ಇಂದು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಕಡತ ಇದೆ, ಕನ್ನಡ ಇಲ್ಲ. ಆದ್ದರಿಂದ ಬರಹವಾದರೆ ಸರಳ ಪಠ್ಯ ಅಥವಾ ಪಿಡಿಎಫ್, ಚಿತ್ರವಾದರೆ ಜೆಪೆಗ್, ಲೆಕ್ಕವಾದರೆ ಯಾವ ತಂತ್ರಾಂಶವೂ ತೆರೆಯಬಲ್ಲ ಸಿಎಸ್‌ವಿ. ಹೊಳಪಿಲ್ಲದ ಈ ರೂಪಗಳು ಯಾವ ಕಂಪನಿಯ ಆಯುಸ್ಸಿಗೂ ಕಟ್ಟುಬಿದ್ದಿಲ್ಲ.

ಈಗ ನಮ್ಮ ಮನೆಯಲ್ಲಿ ಯುಗಾದಿಗೆ ಮುಂಚಿನ ಭಾನುವಾರ ಅಟ್ಟ ಇಳಿಸಿ ಗುಡಿಸುವ ದಿನ. ಅದರ ಜೊತೆಗೇ ಮೂರು ಖಾತೆಗಳಿಂದ ಎಲ್ಲವನ್ನೂ ಇಳಿಸಿಕೊಂಡು ಎರಡು ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ, ಒಂದು ಇಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಕಳೆದ ಸಲ ಇಳಿದು ಮುಗಿಯಲು ರಾತ್ರಿ ಹನ್ನೊಂದಾಯಿತು. ನಡುವೆ ಒಂದು ಖಾತೆ ತನ್ನ ನಿಯಮಗಳು ಬದಲಾಗಿವೆ ಎಂದು ತಿಳಿಸಿ, ಮುಂದುವರಿಯಲು ‘ಒಪ್ಪಿದ್ದೇನೆ’ ಒತ್ತಿ ಎಂದು ಕೇಳಿತು. ಒತ್ತಿದೆ.